ಮೌನದ ಶಾಲೆ, ಬ್ಯಾಗ್‌ಪೈಪಿನ ಶಾಲೆ

ಪಿಕರಿಂಗ್ ಕಾಲೇಜು ಪಿಕರಿಂಗ್ ಊರಿನಲ್ಲಿಲ್ಲ; ಅದು ಕಾಲೇಜೂ ಅಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸ್ಟೌಫ್‌ವಿಲ್‌ನಿಂದ ಪಶ್ಚಿಮಕ್ಕೆ ಹೊರಟು, 404 ಹೆದ್ದಾರಿ ದಾಟಿ, ಬೇವ್ಯೂ ಅವೆನ್ಯೂ ಹಿಡಿದು ಉತ್ತರಕ್ಕೆ ತಿರುಗಿದರೆ ಅರ್ಧ ಗಂಟೆಯ ಹಾದಿಯಲ್ಲಿ ನ್ಯೂಮಾರ್ಕೆಟ್ ಸಿಗುತ್ತದೆ. ಅಲ್ಲಿ ದಿಬ್ಬದ ಮೇಲೆ, ಎತ್ತರದ ಬಿಳಿ ಕಂಬಗಳಿರುವ ಕೆಂಪು ಇಟ್ಟಿಗೆಯ ಕಟ್ಟಡ ಕಾಣುತ್ತದಲ್ಲ, ಅದೇ ಈ ಶಾಲೆ. ಪುಟಾಣಿಗಳ ತರಗತಿಯಿಂದ ಹನ್ನೆರಡನೆಯವರೆಗೆ ಪಾಠ. ದೊಡ್ಡ ಮಕ್ಕಳಿಗೆ ಹಾಸ್ಟೆಲ್. ಶುರುವಾದದ್ದು 1842ರಲ್ಲಿ. ಮಂಗಳೂರಿನಲ್ಲಿ ಮೊಗ್ಲಿಂಗ್ ಸಾಹೇಬರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸುವುದಕ್ಕೆ ಒಂದು ವರ್ಷ ಮೊದಲು.

ಇಲ್ಲಿಂದ ಐದಾರು ಕಿಲೋಮೀಟರ್ ದೂರದ ಅರೋರಾದಲ್ಲಿ, ಯಂಗ್ ಸ್ಟ್ರೀಟ್ ಪಕ್ಕದಲ್ಲಿ ಇನ್ನೊಂದು ಶಾಲೆಯಿದೆ: ಸೇಂಟ್ ಆಂಡ್ರ್ಯೂಸ್ ಕಾಲೇಜು. ಅದೂ ಕಾಲೇಜಲ್ಲ, ಗಂಡು ಮಕ್ಕಳ ಹಾಸ್ಟೆಲ್ ಶಾಲೆ. 1899ರಲ್ಲಿ ಟೊರೊಂಟೊದ ಚೆಸ್ಟ್‌ನಟ್ ಪಾರ್ಕ್ ಎಂಬ ಬಂಗಲೆಯಲ್ಲಿ ಸ್ಕಾಟ್ಲೆಂಡ್ ಮೂಲದ ಪ್ರೆಸ್ಬಿಟೇರಿಯನ್ನರು ಅದನ್ನು ತೆರೆದರು. 1905ರಲ್ಲಿ ರೋಸ್‌ಡೇಲ್‌ಗೆ, 1926ರಲ್ಲಿ ಅರೋರಾಕ್ಕೆ ಬಂತು. ಪಿಕರಿಂಗ್ ಕಟ್ಟಿದ ಕ್ವೇಕರರೆಂಬ ಕ್ರೈಸ್ತ ಪಂಥದವರಿಗೆ ಹಬ್ಬವೂ ಬೇಡ, ಸಂಗೀತವೂ ಬೇಡ, ಸೈನ್ಯವಂತೂ ಬೇಡವೇ ಬೇಡ. ಇನ್ನೊಂದರಲ್ಲಿ ಹಬ್ಬವೆಂದರೆ ಬ್ಯಾಗ್‌ಪೈಪು, ಕಿಲ್ಟು, ಕವಾಯತು. ಹತ್ತಿರದಲ್ಲೇ ಇರುವ ಈ ಎರಡು ಶಾಲೆಗಳ ಹಾದಿಗಳು ನೂರು ವರ್ಷಗಳಲ್ಲಿ ಮತ್ತೆ ಮತ್ತೆ ಒಂದನ್ನೊಂದು ದಾಟಿವೆ. ಸುತ್ತಮುತ್ತ ನೆಲೆಸಿರುವ ನಮ್ಮವರಿಗೆ ಎರಡೂ ಬರಿಯ ದುಬಾರಿ ಶಾಲೆಗಳೆಂದಷ್ಟೇ ಗೊತ್ತು. ಆ ಕತೆ ಗೊತ್ತಿದ್ದವರು ಕಡಿಮೆ.

ಸ್ಟೌಫ್‌ವಿಲ್‌ನಿಂದಲೇ ಶುರುಮಾಡೋಣ. ಊರಿಗೆ ಹೆಸರು ಕೊಟ್ಟ ಏಬ್ರಹಾಂ ಸ್ಟೌಫರ್ ಪೆನ್ಸಿಲ್ವೇನಿಯಾದ ಮೆನೊನೈಟ್ ಪಂಥದ ರೈತ. ಹೆಂಡತಿ ಎಲಿಜಬೆತ್ ರೀಸರ್ ಜೊತೆ, ಗಾಡಿ ಕಟ್ಟಿಕೊಂಡು 1804ರಲ್ಲಿ ಇಲ್ಲಿಗೆ ಬಂದ. ಅದಕ್ಕೆ ಮೂರು ವರ್ಷ ಮೊದಲು, 1801ರಲ್ಲಿ, ಟಿಮೊಥಿ ರೋಜರ್ಸ್ ಎಂಬ ಕ್ವೇಕರ್ ವರ್ಮಾಂಟ್‌ನಿಂದ ತನ್ನವರನ್ನು ಕಟ್ಟಿಕೊಂಡು ಬಂದು, ಯಂಗ್ ಸ್ಟ್ರೀಟ್ ಉದ್ದಕ್ಕೂ ನಲವತ್ತು ಹೊಲಗಳ ಭೂಮಿ ಪಡೆದು ನೆಲೆಯೂರಿದ್ದ. ಪಂಥ ಬೇರೆಯಾದರೂ ಆಯುಧ ಹಿಡಿಯುವುದಿಲ್ಲವೆಂಬ ಹಟ ಇಬ್ಬರಿಗೂ ಒಂದೇ. ಈ ಸೀಮೆಯ ಸರ್ಕಾರಕ್ಕೆ ಕಾಡು ಕಡಿಯುವ ಕೈಗಳು ಬೇಕಿದ್ದವು, ಹಾಗಾಗಿ 1793ರ ಕಾಯ್ದೆಯಲ್ಲೇ ಇವರಿಗೊಂದು ರಿಯಾಯಿತಿ ಕೊಟ್ಟಿತ್ತು: ಸೈನ್ಯಕ್ಕೆ ಬರಬೇಡಿ, ಬದಲಿಗೆ ಶಾಂತಿಕಾಲದಲ್ಲಿ ವರ್ಷಕ್ಕೆ 20 ಶಿಲ್ಲಿಂಗ್, ಯುದ್ಧಕಾಲದಲ್ಲಿ 5 ಪೌಂಡ್ ಕಟ್ಟಿ. ಮೆನೊನೈಟರು ಕಟ್ಟಿದರು. ಕ್ವೇಕರರಲ್ಲಿ ಅನೇಕರು ಅದನ್ನೂ ಕಟ್ಟಲಿಲ್ಲ. ಯುದ್ಧಕ್ಕೆ ಹೋಗುವುದೂ ಯುದ್ಧಕ್ಕೆ ಕಾಸು ಕೊಡುವುದೂ ಒಂದೇ ಎಂದರು. ಮನೆಯ ಸಾಮಾನು ಜಪ್ತಿಯಾಯಿತು. ಈ ಪ್ರಾಂತ್ಯದ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಹಟಮಾರಿಗಳು ಇವರು.

ಕ್ವೇಕರ್ ಎಂದೊಡನೆ ಅಂಗಡಿಯ ಓಟ್ಸ್ ಡಬ್ಬಿ ನೆನಪಾಗುವುದು ಸಹಜ. ಆ ಕಂಪನಿಗೂ ಇವರಿಗೂ ಸಂಬಂಧವಿಲ್ಲ, ಹೆಸರಿಗಿದ್ದ ಪ್ರಾಮಾಣಿಕತೆಯ ಖ್ಯಾತಿಯನ್ನು ಅದು ಎರವಲು ಪಡೆದಿತ್ತು ಅಷ್ಟೆ. ಕ್ಯಾಡ್ಬರಿ ಚಾಕೊಲೇಟಿನ ಮನೆತನದವರು ಮಾತ್ರ ನಿಜವಾದ ಕ್ವೇಕರರು. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪಂಥಕ್ಕೆ ಹಳೆಯ ಪದ್ಧತಿಯಲ್ಲಿ ಪಾದ್ರಿಯಿಲ್ಲ, ಪೂಜಾವೇದಿಯಿಲ್ಲ, ಹಾಡಿಲ್ಲ. ಬೆಂಚುಗಳ ಮೇಲೆ ಎಲ್ಲರೂ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ನಾಲ್ಕು ಮಾತು ಆಡಿ ಕೂರುತ್ತಾರೆ. ಯಾರಿಗೂ ಬಾರದಿದ್ದರೆ ಒಂದು ಗಂಟೆಯ ಮೌನ ಮುಗಿಸಿ, ಕೈ ಕುಲುಕಿ ಮನೆಗೆ. ಗಾಂಧೀಜಿಯ ಆಪ್ತ ವಲಯದಲ್ಲಿದ್ದ ಆಗಾಥಾ ಹ್ಯಾರಿಸನ್, ಹೊರೇಸ್ ಅಲೆಕ್ಸಾಂಡರ್ ಕ್ವೇಕರರು. ಸೇವಾಗ್ರಾಮದಲ್ಲಿ ನಯೀ ತಾಲೀಮ್ ಶಿಕ್ಷಣಕ್ಕೆ ದುಡಿದ ಮಾರ್ಜೊರಿ ಸೈಕ್ಸ್ ಕೂಡ ಅದೇ ಪಂಥಕ್ಕೆ ಸೇರಿದವರು. 1947ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಬ್ರಿಟನ್ ಮತ್ತು ಅಮೆರಿಕದ ಕ್ವೇಕರ್ ಸೇವಾ ಸಂಸ್ಥೆಗಳಿಗೆ.

ಇಂಥವರಿಗೆ ಹಬ್ಬವೆಲ್ಲಿಯದು? ದೇವರು ಕೊಟ್ಟ ದಿನವೆಲ್ಲ ಒಂದೇ, ಕ್ರಿಸ್‌ಮಸ್ ಎಂದು ಒಂದನ್ನು ಮೇಲೆತ್ತಿ ಕೂರಿಸುವುದೇಕೆ ಎಂಬುದು ಅವರ ವಾದ. ತಿಂಗಳು, ವಾರಗಳ ಹೆಸರಿನಲ್ಲಿ ಹಳೆಯ ದೇವತೆಗಳು ಅಡಗಿದ್ದಾರೆಂದು ಅವನ್ನೂ ಒಂದನೇ ತಿಂಗಳು, ಎರಡನೇ ತಿಂಗಳು ಎಂದೇ ಎಣಿಸುತ್ತಿದ್ದರು. ಮದುವೆಯೂ ಮೌನದಲ್ಲೇ.

ಆದರೆ ಹಾಡಿನ ಆಸೆಯನ್ನು ಎಷ್ಟು ದಿನ ತಡೆಹಿಡಿಯಲಾದೀತು. ಯಂಗ್ ಸ್ಟ್ರೀಟಿನ ಈ ಸಭೆಯಿಂದಲೇ 1812ರ ಹೊತ್ತಿಗೆ ಡೇವಿಡ್ ವಿಲ್ಸನ್ ಎಂಬಾತ ಸಿಡಿದು ಹೊರಬಂದು ‘ಶಾಂತಿಯ ಮಕ್ಕಳು’ ಎಂಬ ಹೊಸ ಗುಂಪು ಕಟ್ಟಿದ. ನ್ಯೂಮಾರ್ಕೆಟ್‌ನ ಉತ್ತರಕ್ಕಿರುವ ಶ್ಯಾರನ್‌ನಲ್ಲಿ 1825ರಿಂದ 1832ರವರೆಗೆ ಅವರೊಂದು ಗುಡಿ ಕಟ್ಟಿದರು. ನಾಲ್ಕೂ ಬದಿ ಸಮ, ಮೂರು ಅಂತಸ್ತು, ತುಂಬ ಕಿಟಕಿಗಳು. ಅಲ್ಲಿ ವಾದ್ಯವೃಂದವೂ ಇತ್ತು, ಆರ್ಗನ್ನೂ ಇತ್ತು. ಸೆಪ್ಟೆಂಬರ್‌ನ ಮೊದಲ ಶುಕ್ರವಾರ ಸಂಜೆ ಗುಡಿಯ ತುಂಬ ಮೋಂಬತ್ತಿ ಹಚ್ಚುವ ಪದ್ಧತಿ ಆ ಪಂಥ ಅಳಿದ ಮೇಲೂ ಉಳಿದಿದೆ. ಈಗ ಅದು ರಾಷ್ಟ್ರೀಯ ಸ್ಮಾರಕ. ದೀಪಾವಳಿಗೆ ಒಂದೆರಡು ತಿಂಗಳು ಮೊದಲೇ ಇಂಥದ್ದೊಂದು ದೀಪದ ಹಬ್ಬ ನಮ್ಮ ಪಕ್ಕದಲ್ಲಿ ನಡೆಯುತ್ತದೆಂಬುದು ಇಲ್ಲಿನ ಎಷ್ಟು ಕನ್ನಡಿಗರಿಗೆ ಗೊತ್ತೋ ಕಾಣೆ.

ಮೂಲ ಪಂಥದಲ್ಲೇ ಉಳಿದವರಿಗೆ ಬೇರೆ ಚಿಂತೆಯಿತ್ತು. ಹೊರಗಿನ ಗದ್ದಲ ಸೋಕದಂತೆ ತಮ್ಮ ಮಕ್ಕಳನ್ನು ಓದಿಸುವುದು ಹೇಗೆ? ಇಂಗ್ಲೆಂಡಿನ ಕ್ವೇಕರ್ ಬ್ಯಾಂಕರ್ ಜೋಸೆಫ್ ಜಾನ್ ಗರ್ನಿ 1837ರಿಂದ 1840ರವರೆಗೆ ಉತ್ತರ ಅಮೆರಿಕ ಸುತ್ತಿದಾಗ ಈ ಮಾತು ಗಟ್ಟಿಯಾಯಿತು. ಹಣದ ನೆರವೂ ಅವನಿಂದ ಬಂತು. ಜೈಲುಗಳ ಸುಧಾರಣೆಗೆ ಹೆಸರಾದ ಎಲಿಜಬೆತ್ ಫ್ರೈ ಅವರ ತಮ್ಮ ಈತ. ಒಂಟಾರಿಯೊ ಸರೋವರದ ದಂಡೆಯ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ, ಬ್ಲೂಮ್‌ಫೀಲ್ಡ್ ಹತ್ತಿರ, ವೆಸ್ಟ್ ಲೇಕ್ ಬೋರ್ಡಿಂಗ್ ಸ್ಕೂಲ್ ತೆರೆಯಿತು. ಸುತ್ತ ಹೊಲ, ನಡುವೆ ಶಾಲೆ. ಹುಡುಗರ ಜೊತೆ ಹುಡುಗಿಯರಿಗೂ ಪಾಠ. ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ. ಸಭೆಯಲ್ಲಿ ಹೆಣ್ಣು ಎದ್ದು ಮಾತಾಡಬಹುದೆಂದ ಮೇಲೆ ಅವಳಿಗೆ ಓದು ಬೇಡವೆನ್ನಲು ಬಾಯಿ ಎಲ್ಲಿದೆ?

ಅಲ್ಲಿಂದ ಮುಂದಿನ ಕತೆ ಬೀಗದ್ದು, ಬೆಂಕಿಯದು. 1878ರಲ್ಲಿ ಶಾಲೆ ಟೊರೊಂಟೊ ಪೂರ್ವದ ಪಿಕರಿಂಗ್‌ಗೆ ಬಂದು ಹೊಸ ಹೆಸರು ಪಡೆಯಿತು. 1881ರಲ್ಲಿ ಕೆನಡಾದ ಕ್ವೇಕರ್ ಸಮಾಜವೇ ಹಳಬರು, ಹೊಸಬರು ಎಂದು ಒಡೆದು, ಆಸ್ತಿ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಜಗಳವೇ ಬೇಡವೆಂದವರ ಜಗಳ! 1885ರಲ್ಲಿ ಶಾಲೆಗೆ ಬೀಗ ಬಿತ್ತು. 1892ರಲ್ಲಿ ವಿಲಿಯಂ ಫರ್ತ್ ಮುಖ್ಯೋಪಾಧ್ಯಾಯರಾಗಿ ಮತ್ತೆ ತೆರೆಯಿತು. 1905ರ ಡಿಸೆಂಬರ್ 30ರಂದು ಕಟ್ಟಡ ಸುಟ್ಟುಹೋಯಿತು. ಊರು ಬಿಟ್ಟರೂ ಹೆಸರು ಬಿಡದೆ 1909ರಲ್ಲಿ ನ್ಯೂಮಾರ್ಕೆಟ್‌ನ ಈ ದಿಬ್ಬ ಹತ್ತಿದರು. ಆ ಕಂಬಗಳ ಕಟ್ಟಡಕ್ಕೆ ರೋಜರ್ಸ್ ಹೌಸ್ ಎಂದು ಹೆಸರು. ಟೊರೊಂಟೊದ ಕಲ್ಲಿದ್ದಲು ವ್ಯಾಪಾರಿ ಎಲಿಯಾಸ್ ರೋಜರ್ಸ್ ಮತ್ತು ಅವರ ಬಳಗ ಈ ಶಾಲೆಗೆ ಆಸರೆಯಾಗಿ ನಿಂತ ಕ್ವೇಕರರು. ತಿಂಗಳು ತಿಂಗಳು ನಾವು ಫೋನ್ ಬಿಲ್ ಕಟ್ಟುವ ರೋಜರ್ಸ್ ಕಂಪನಿಯ ಮನೆತನ, 1801ರಲ್ಲಿ ಗಾಡಿ ಕಟ್ಟಿ ಬಂದ ಟಿಮೊಥಿಯವರೆಗೆ ತನ್ನ ವಂಶಾವಳಿಯನ್ನು ಹೇಳಿಕೊಳ್ಳುತ್ತದೆ.

ಮೊದಲ ಮಹಾಯುದ್ಧ ಎರಡೂ ಶಾಲೆಗಳ ಬಾಗಿಲಿಗೆ ಬಂತು. ಯುದ್ಧ ವಿರೋಧಿಗಳ ಪಿಕರಿಂಗ್ ಕಾಲೇಜು ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. ಫಿರಂಗಿಯ ಸದ್ದಿಗೆ ಮನಸ್ಸು ಕದಡಿದವರನ್ನು ಮಕ್ಕಳ ಕೋಣೆಗಳಲ್ಲಿ ಮಲಗಿಸಿದರು. ಅತ್ತ ಕವಾಯತಿನ ಸೇಂಟ್ ಆಂಡ್ರ್ಯೂಸ್ ಕೂಡ 1918ರಿಂದ 1920ರವರೆಗೆ ರೋಸ್‌ಡೇಲ್‌ನ ತನ್ನ ಕಟ್ಟಡವನ್ನು ಮಿಲಿಟರಿ ಆಸ್ಪತ್ರೆಗೆ ಬಿಟ್ಟುಕೊಟ್ಟು, ಟೊರೊಂಟೊ ವಿಶ್ವವಿದ್ಯಾಲಯದ ನಾಕ್ಸ್ ಕಾಲೇಜಿನಲ್ಲಿ ಪಾಠ ನಡೆಸಿತು. ಅರೋರಾದ ಅದರ ಹಾಸ್ಟೆಲುಗಳಲ್ಲಿ ಒಂದರ ಹೆಸರೇ ಮೆಮೋರಿಯಲ್ ಹೌಸ್. ಆಯುಧ ಮುಟ್ಟದವರೂ ಮುಟ್ಟಿದವರೂ ಕೊನೆಗೆ ಒಂದೇ ಥರದ ಮಂಚಗಳನ್ನು ಸಾಲಾಗಿ ಹಾಕಬೇಕಾಯಿತು.

ಯುದ್ಧ ಮುಗಿದ ಮೇಲೂ ಪಿಕರಿಂಗ್ ಕಾಲೇಜು ಬೇಗ ತೆರೆಯಲಿಲ್ಲ. 1927ರಲ್ಲಿ ತೆರೆದಾಗ ಅದು ಹುಡುಗರ ಶಾಲೆ. ಮುಖ್ಯೋಪಾಧ್ಯಾಯ ಜೋಸೆಫ್ ಮಕಲಿ ಇನ್ನೂ ಎಳೆಯ ವಯಸ್ಸಿನವರು; ಬೆತ್ತಕ್ಕಿಂತ ಮಾತುಕತೆಯನ್ನು ನಂಬಿದವರು. ಹುಡುಗನಿಗೆ ಪುಸ್ತಕದಷ್ಟೇ ನಾಟಕ, ಕರಕುಶಲ, ಚರ್ಚಾಕೂಟಗಳೂ ಮುಖ್ಯವೆಂದು ಇಪ್ಪತ್ತು ವರ್ಷ ಶಾಲೆ ನಡೆಸಿದರು. ಹಾಡು ಕೂಡದೆಂದಿದ್ದ ಪಂಥದ ಶಾಲೆಯಲ್ಲಿ ರಂಗ ಏರುವುದಕ್ಕೂ ಹಾಡುವುದಕ್ಕೂ ಜಾಗವಾಯಿತು. 1947ರಲ್ಲಿ ಅವರು ಶಾಲೆ ಬಿಟ್ಟು ಹೋದದ್ದು ಎಲ್ಲಿಗೆ ಗೊತ್ತೇ? ಕೆನಡಾದ ಜೈಲು ಇಲಾಖೆಗೆ, ಉಪ ಆಯುಕ್ತರಾಗಿ. ಶಾಲೆಗೆ ಹಣ ಕೊಟ್ಟ ಗರ್ನಿಯ ಅಕ್ಕ ನೂರು ವರ್ಷಕ್ಕೂ ಹಿಂದೆ ಹಿಡಿದ ಕೆಲಸವನ್ನೇ ಈ ಮೇಷ್ಟ್ರೂ ಹಿಡಿದರು. ಆಮೇಲೆ 1952ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಭವನ ಹಾರ್ಟ್ ಹೌಸ್‌ನ ವಾರ್ಡನ್ ಆದರು. ಹಾರ್ಟ್ ಹೌಸ್ ಕಟ್ಟಿಸಿಕೊಟ್ಟದ್ದು ಮ್ಯಾಸಿ ಮನೆತನ. ಅದರ ಹಿಂದಿದ್ದ ವಿನ್ಸೆಂಟ್ ಮ್ಯಾಸಿ ಓದಿದ್ದು ಸೇಂಟ್ ಆಂಡ್ರ್ಯೂಸ್‌ನಲ್ಲಿ. ಅದೇ 1952ರಲ್ಲಿ ಮ್ಯಾಸಿ ಕೆನಡಾದಲ್ಲೇ ಹುಟ್ಟಿದ ಮೊದಲ ಗವರ್ನರ್ ಜನರಲ್ ಆದರು. ಒಂದು ಶಾಲೆಯ ಹುಡುಗ ಕಟ್ಟಿಸಿದ ಮನೆಗೆ ಇನ್ನೊಂದು ಶಾಲೆಯ ಮೇಷ್ಟ್ರು ಯಜಮಾನ.

ಈಗ ಹಾಸ್ಟೆಲಿನ ದಿನಚರಿ. ಹೊರಗಿನಿಂದ ನೋಡಿದರೆ ಎರಡೂ ಕಡೆ ಹೆಚ್ಚು ವ್ಯತ್ಯಾಸವಿಲ್ಲ: ಬೆಳಿಗ್ಗೆ ಎದ್ದು ಊಟದ ಹಾಲಿಗೆ, ಮಧ್ಯಾಹ್ನದವರೆಗೆ ಪಾಠ, ಆಮೇಲೆ ಆಟ, ರಾತ್ರಿ ಊಟದ ನಂತರ ಓದುವ ಹೊತ್ತು, ನಿಗದಿತ ವೇಳೆಗೆ ದೀಪ ಆರಿಸುವುದು. ಮೇಷ್ಟ್ರುಗಳಲ್ಲಿ ಕೆಲವರು ಸಂಸಾರ ಸಮೇತ ಹಾಸ್ಟೆಲಿನಲ್ಲೇ ಇರುತ್ತಾರೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಜನವರಿಯಲ್ಲಿ ಹುಡುಗರು ತಲೆಗೆ ಟೋಪಿಯಿಲ್ಲದೆ ಕಟ್ಟಡದಿಂದ ಕಟ್ಟಡಕ್ಕೆ ಓಡುವುದೂ, ಹಿಂದೆ ಯಾರೋ ಗದರುವುದೂ ಎರಡೂ ಕಡೆ ಒಂದೇ. ವ್ಯತ್ಯಾಸ ಇರುವುದು ಎಲ್ಲರೂ ಒಟ್ಟುಗೂಡುವ ಗಳಿಗೆಯಲ್ಲಿ. ಪಿಕರಿಂಗ್‌ನಲ್ಲಿ ಬೆಳಗಿನ ಸಭೆ ಮೌನದಿಂದ ಶುರುವಾಗುತ್ತದೆ. ಶಾಲೆ ಈಗ ಎಲ್ಲ ಧರ್ಮದ ಮಕ್ಕಳದು, ಕ್ವೇಕರ್ ಮಕ್ಕಳು ಸಿಗುವುದೇ ಅಪರೂಪ. ಆದರೂ ಆ ಪದ್ಧತಿ ಬಿಟ್ಟಿಲ್ಲ. ಆಮೇಲೆ ಪ್ರಕಟಣೆ, ಚಪ್ಪಾಳೆ, ಗೆದ್ದ ತಂಡದ ಸುದ್ದಿ, ಯಾರದೋ ದೇಶದ ಹಬ್ಬದ ಪರಿಚಯ, ಎಲ್ಲ. ಹುಡುಗಿಯರೂ 1990ರ ದಶಕದಲ್ಲಿ ವಾಪಸ್ ಬಂದರು. ಅವರನ್ನು ಹೊಸಬರೆನ್ನುವುದಕ್ಕಿಂತ ಹಳೆಯ ಹಕ್ಕುದಾರರು ಎನ್ನಬೇಕು.

ಸೇಂಟ್ ಆಂಡ್ರ್ಯೂಸ್‌ನ ಸಂಭ್ರಮಕ್ಕೆ ಸದ್ದು ಜಾಸ್ತಿ. 1905ರಿಂದ ಅಲ್ಲಿ ಹೈಲ್ಯಾಂಡ್ ಕೆಡೆಟ್ ದಳವಿದೆ, ಹುಡುಗರು ಅದರಲ್ಲಿ ಇರಲೇಬೇಕು. ಟೊರೊಂಟೊದ 48ನೇ ಹೈಲ್ಯಾಂಡರ್ಸ್ ಪಡೆಯೊಂದಿಗೆ ಅದಕ್ಕೆ ಹಳೆಯ ನಂಟು. ವಸಂತದಲ್ಲಿ ವಾರ್ಷಿಕ ತಪಾಸಣೆಯ ದಿನ ಇಡೀ ಶಾಲೆ ಕಿಲ್ಟ್ ಉಟ್ಟು ಮೈದಾನಕ್ಕಿಳಿಯುತ್ತದೆ. ಮುಂದೆ ಬ್ಯಾಗ್‌ಪೈಪು, ಹಿಂದೆ ಡ್ರಮ್ಮು. ಹಾಂಗ್‌ಕಾಂಗಿನ ಹುಡುಗ, ನೈಜೀರಿಯಾದ ಹುಡುಗ, ಬ್ರಾಂಪ್ಟನ್‌ನ ಪಂಜಾಬಿ ಹುಡುಗ, ಎಲ್ಲರೂ ಸ್ಕಾಟ್ಲೆಂಡಿನ ಗುಡ್ಡಗಾಡಿನವರೇ ಎಂಬಂತೆ ನಡೆಯುವುದು ಮೊದಲ ಸಲ ನೋಡಿದವರಿಗೆ ಸ್ವಲ್ಪ ತಮಾಷೆ. ಆದರೆ ನಮ್ಮ ಮೈಸೂರು ದಸರೆಯ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡು ಪಾಶ್ಚಾತ್ಯ ವಾದ್ಯ ಹಿಡಿದು ನಡೆಯುವುದನ್ನು ಕಂಡು ಬೆಳೆದವರು ನಗುವ ಹಾಗಿಲ್ಲ. ಶಾಲೆಯನ್ನು ಬ್ರೂಸ್, ಡಗ್ಲಸ್, ಮಾಂಟ್ರೋಸ್, ವಾಲೆಸ್ ಎಂಬ ನಾಲ್ಕು ಕುಲಗಳಾಗಿ ಹಂಚಿದ್ದಾರೆ; ಆಟದ ಪೈಪೋಟಿಯೆಲ್ಲ ಆ ಹೆಸರಿನಲ್ಲೇ. ಐಸ್ ಹಾಕಿಯ ಈ ನಾಡಿನಲ್ಲಿ ಕ್ರಿಕೆಟ್ಟನ್ನೂ ಉಳಿಸಿಕೊಂಡಿದ್ದಾರೆಂಬುದು ನನ್ನಂಥವರಿಗೆ ಸಮಾಧಾನ.

ಹಾಸ್ಟೆಲ್ ಮಕ್ಕಳ ನಿಜವಾದ ಪರೀಕ್ಷೆ ಹಬ್ಬದ ದಿನಗಳೇ. ಅಕ್ಟೋಬರ್‌ನ ಎರಡನೇ ಸೋಮವಾರ ಥ್ಯಾಂಕ್ಸ್‌ಗಿವಿಂಗ್. ಹತ್ತಿರದ ಊರಿನ ಮಕ್ಕಳು ಮನೆಗೆ ಹೋದ ಮೇಲೆ ಹಾಸ್ಟೆಲ್ ಭಣಭಣ. ಹೊರದೇಶದಿಂದ ಬಂದ ಅಪ್ರಾಪ್ತ ವಿದ್ಯಾರ್ಥಿಗೆ ಕೆನಡಾದಲ್ಲಿ ಒಬ್ಬ ಕಸ್ಟೋಡಿಯನ್, ಎಂದರೆ ಅವರ ಹೊಣೆ ಹೊರುವ ಹಿರಿಯರು, ಇರಬೇಕೆಂಬುದು ವಲಸೆ ನಿಯಮ. ಅಂಥ ರಜೆಗಳಲ್ಲಿ ಆ ಕಸ್ಟೋಡಿಯನ್ನರ ಮನೆಯೇ ಗತಿ. ಬೆಂಗಳೂರಿನಲ್ಲಿರುವ ತಮ್ಮನ ಮಗನಿಗೋ ನಾದಿನಿಯ ಮಗಳಿಗೋ ಸಹಿ ಹಾಕಿದವರು ನಮ್ಮಲ್ಲೂ ಇದ್ದಾರೆ. ಸಹಿ ಹಾಕುವಾಗ ಅದು ಕಾಗದದ ಕೆಲಸವೆನಿಸುತ್ತದೆ. ಅಕ್ಟೋಬರ್ ಬಂದು, ಹದಿನೈದು ವರ್ಷದ ಹುಡುಗ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು ‘ಅತ್ತೆ, ಸಾರು ಇದೆಯಾ’ ಎಂದಾಗ ಜವಾಬ್ದಾರಿಯ ತೂಕ ತಿಳಿಯುತ್ತದೆ. ದೀಪಾವಳಿ ಇಲ್ಲಿ ರಜೆಯಲ್ಲ; ಒಂಟಾರಿಯೊ 2016ರಲ್ಲಿ ನವೆಂಬರ್ ತಿಂಗಳನ್ನು ಹಿಂದೂ ಪರಂಪರೆಯ ಮಾಸವೆಂದು ಘೋಷಿಸಿದ ಮೇಲೆ ಶಾಲೆಗಳಲ್ಲಿ ಹಣತೆ, ರಂಗೋಲಿ ಹೆಚ್ಚು ಕಾಣುತ್ತಿವೆ, ಅಷ್ಟೆ. ಎಣ್ಣೆ ಸ್ನಾನ ಮಾತ್ರ ಯಾವ ಹಾಸ್ಟೆಲಿನಲ್ಲೂ ಇಲ್ಲ.

ಕೆನಡಾದ ಹಳೆಯ ಹಾಸ್ಟೆಲ್ ಶಾಲೆಗಳ ಬಗ್ಗೆ ಬರೆದು ಒಂದು ವಿಷಯ ಬಿಟ್ಟರೆ ಬರೆದದ್ದು ಸುಳ್ಳಾಗುತ್ತದೆ. ಈ ಶಾಲೆಗಳು ಉಳ್ಳವರ ಮಕ್ಕಳನ್ನು ಪ್ರೀತಿಯಿಂದ ಬೆಳೆಸುತ್ತಿದ್ದ ಕಾಲದಲ್ಲೇ, ಸರ್ಕಾರ ಮತ್ತು ಚರ್ಚುಗಳು ಸೇರಿ ನಡೆಸಿದ ಬೇರೊಂದು ಬಗೆಯ ವಸತಿ ಶಾಲೆಗಳಿದ್ದವು. ಒಂದೂವರೆ ಲಕ್ಷ ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಕಿತ್ತು ಅಲ್ಲಿಗೆ ಸೇರಿಸಿದರು. ಅವರ ಮಾತು, ಹಾಡು, ಹಬ್ಬ ಎಲ್ಲಕ್ಕೂ ಅಲ್ಲಿ ನಿಷೇಧ. ಸಾವಿರಾರು ಮಕ್ಕಳು ಮನೆಗೆ ಮರಳಲಿಲ್ಲ. ಟೊರೊಂಟೊದಿಂದ ನೂರು ಕಿಲೋಮೀಟರ್ ಆಚೆ ಬ್ರಾಂಟ್‌ಫರ್ಡ್‌ನಲ್ಲಿದ್ದ ಮೊಹಾಕ್ ಇನ್ಸ್ಟಿಟ್ಯೂಟ್ 1970ರವರೆಗೆ ನಡೆಯಿತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. 2021ರಿಂದ ಸೆಪ್ಟೆಂಬರ್ 30 ಸತ್ಯ ಮತ್ತು ಸಂಧಾನದ ರಾಷ್ಟ್ರೀಯ ದಿನ. ಅಂದು ದೇಶದ ಶಾಲೆಗಳಲ್ಲಿ ಮಕ್ಕಳು ಕಿತ್ತಳೆ ಬಣ್ಣದ ಅಂಗಿ ತೊಡುತ್ತಾರೆ. ಹಬ್ಬ ಆಚರಿಸುವ ಹಕ್ಕು ಒಂದು ಹಾಸ್ಟೆಲಿನಲ್ಲಿ ಸಿಕ್ಕಿತು, ಇನ್ನೊಂದರಲ್ಲಿ ಅದನ್ನು ಕಸಿದುಕೊಂಡರು. ಎರಡೂ ಒಂದೇ ಪ್ರಾಂತ್ಯದ ಚರಿತ್ರೆ.

ನನ್ನ ತಕರಾರು ಇನ್ನೊಂದಿದೆ. ಸರಳತೆಯೇ ಧರ್ಮವೆಂದವರು ಕಟ್ಟಿದ ಶಾಲೆಯಲ್ಲಿ ಇಂದು ಮಗುವನ್ನಿಟ್ಟು ಓದಿಸಲು ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಬೇಕು. ಅರೋರಾದ್ದೂ ಅಷ್ಟೇ. ವಿದ್ಯಾರ್ಥಿವೇತನಗಳಿವೆ, ಸಿಗುವುದು ಕೆಲವರಿಗೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಮೂರನ್ನೂ ಬಿಟ್ಟಿಯಾಗಿ ಕೊಟ್ಟು ಸುಮಾರು ಹತ್ತು ಸಾವಿರ ಮಕ್ಕಳನ್ನು ಸಾಕಿದ್ದನ್ನು ಕಂಡ ನಾಡಿನವರು ನಾವು. ಅಲ್ಲಿ ಸಂಜೆ ಬಯಲಲ್ಲಿ ಕೂತು ಮಕ್ಕಳೆಲ್ಲ ಒಂದೇ ದನಿಯಲ್ಲಿ ಮಾಡುವ ಪ್ರಾರ್ಥನೆಗೂ ಇಲ್ಲಿ ಬೆಳಿಗ್ಗೆ ಎಲ್ಲರೂ ಕೂಡಿ ಕೂರುವ ಮೌನಕ್ಕೂ ಉದ್ದೇಶ ಒಂದೇ ಇರಬಹುದು. ಒಳಗೆ ಬರಲು ಬೇಕಾದ ಹಣ ಒಂದೇ ಅಲ್ಲ. ಕೆನಡಾದ ಸರ್ಕಾರಿ ಶಾಲೆಗಳು ಚೆನ್ನಾಗಿವೆ, ಸ್ಟೌಫ್‌ವಿಲ್‌ನವೂ ಚೆನ್ನಾಗಿವೆ. ಹೆಸರಿಗಾಗಿ ಸಾಲ ಮಾಡಿ ಮಗುವನ್ನು ಹಾಸ್ಟೆಲಿಗೆ ಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ನೋಡುವುದಕ್ಕೆ ಮಾತ್ರ ಕಾಸು ಬೇಕಿಲ್ಲ. ಎರಡೂ ಶಾಲೆಗಳು ಹೊರಗಿನ ಪೋಷಕರಿಗಾಗಿ ಓಪನ್ ಹೌಸ್ ಇಡುತ್ತವೆ. ಮೊದಲೇ ಹೆಸರು ನೋಂದಾಯಿಸಿ, ಸಾಧ್ಯವಾದರೆ ಮಕ್ಕಳಿರುವ ದಿನವೇ ಹೋಗಿ, ತರಗತಿಗಿಂತ ಮೊದಲು ಊಟದ ಹಾಲನ್ನೂ ಹಾಸ್ಟೆಲ್ ಕೋಣೆಗಳನ್ನೂ ತೋರಿಸಿ ಎಂದು ಕೇಳಿ. ಶ್ಯಾರನ್‌ನ ದೀಪ ಸೆಪ್ಟೆಂಬರ್‌ನ ಮೊದಲ ಶುಕ್ರವಾರ. ಇನ್ನು ಕ್ವೇಕರರ ಮೂಲ ಮೌನವೇ ಬೇಕೆಂದರೆ, 1810ರ ದಶಕದ ಆರಂಭದಲ್ಲಿ ಕಟ್ಟಿದ ಅವರ ಮರದ ಸಭಾಮನೆ ನ್ಯೂಮಾರ್ಕೆಟ್‌ನ ಯಂಗ್ ಸ್ಟ್ರೀಟಿನಲ್ಲಿ ಈಗಲೂ ಇದೆ, ಭಾನುವಾರ ಯಾರು ಬೇಕಾದರೂ ಹೋಗಿ ಕೂರಬಹುದು.